ಗಲ್ಲಾಪೆಟ್ಟಿಗೆಗೆ ಬಾರದ ನಾಣ್ಯ

ಮುಂಬಯಿಯ ಮಾಟುಂಗಾ ಪೂರ್ವದ ಉಡುಪಿ ಹೋಟೆಲೊಂದರಲ್ಲಿ ಭಾನುವಾರದ ಇಡ್ಲಿ-ದೋಸೆಯ ನೂಕುನುಗ್ಗಲು ಇಳಿಯುವುದು ಹನ್ನೊಂದೂವರೆಯ ಮೇಲೆ. ಆಮೇಲೆ ಮೂಲೆಯ ಮೇಜು ನಮ್ಮದು. ನಾವು ಎಂದರೆ ನಾಣ್ಯದ ಹುಚ್ಚು ಹತ್ತಿದ ನಾಲ್ಕೈದು ಕನ್ನಡಿಗರು. ಬ್ಯಾಂಕಿನಿಂದ ನಿವೃತ್ತರಾಗಿ ಡೊಂಬಿವಲಿಯಲ್ಲಿ ನೆಲೆಸಿರುವ ಒಬ್ಬರು, ಒಂದು ಕಾಲದಲ್ಲಿ ಕನ್ನಡ ರಾತ್ರಿಶಾಲೆಯಲ್ಲಿ ಪಾಠ ಹೇಳಿದ ಮಾಸ್ತರರು, ಜಾಹೀರಾತು ಕಂಪನಿಯೊಂದರಲ್ಲಿ ಚಿತ್ರ ಬರೆಯುವ ಹುಡುಗಿ, ನಾನು. ಹೋಟೆಲಿನ ಅಣ್ಣ ಮೇಜಿಗೆ ಬರುವುದಿಲ್ಲ. ಗಲ್ಲಾದ ಹಿಂದೆ ಕುಳಿತೇ ಮಾತಿಗೆ ಸೇರುತ್ತಾರೆ. ಮೂವತ್ತು ವರ್ಷ ಅದೇ ಗಲ್ಲಾದಿಂದ ಆರಿಸಿ ಕೂಡಿಟ್ಟ ನಾಣ್ಯಗಳ ಡಬ್ಬಿ ಅವರದು. ನಮ್ಮೆಲ್ಲರ ಸಂಗ್ರಹಕ್ಕಿಂತ ನನಗೆ ಅದರ ಮೇಲೆಯೇ ಹೆಚ್ಚು ಹೊಟ್ಟೆಕಿಚ್ಚು.

2025ರ ನವೆಂಬರ್ ಕೊನೆಯ ಭಾನುವಾರ ಮೊಬೈಲ್ ಒಂದು ಮೇಜಿನ ಸುತ್ತ ಕೈಬದಲಾಯಿಸಿ ಗಲ್ಲಾದವರೆಗೂ ಹೋಯಿತು. ಅದರಲ್ಲಿ ಹೊಸ ಸ್ಮಾರಕ ನಾಣ್ಯದ ಚಿತ್ರ. ಅಣ್ಣ ಕನ್ನಡಕ ಏರಿಸಿ, ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿ ನೋಡಿ, ಮೊಬೈಲನ್ನು ಹಿಂದಿರುಗಿಸಿದರು. "ಚೆನ್ನಾಗಿದೆ. ನನ್ನ ಗಲ್ಲಾಕ್ಕೆ ಇದು ಯಾವಾಗ ಬರುತ್ತದೆ?"

ಎಲ್ಲರೂ ನಕ್ಕೆವು. ಅದು ಬರುವುದಿಲ್ಲ ಎಂದು ಅಣ್ಣನಿಗೂ ಗೊತ್ತು. ಆದರೆ ಹೊಸ ನಾಣ್ಯಗಳ ವಿನ್ಯಾಸದ ಬಗ್ಗೆ ಸಂಗ್ರಾಹಕರು ಎತ್ತುವ ಹತ್ತಾರು ತಕರಾರುಗಳ ಬುಡ ಈ ಒಂದು ಪ್ರಶ್ನೆಯಲ್ಲಿದೆ ಎಂದು ನನಗೆ ಆಮೇಲೆ ಹೊಳೆಯಿತು.

ಆ ವರ್ಷದ ಪಟ್ಟಿಯನ್ನೇ ನೋಡಿ. ಮೇ 31ರಂದು ಅಹಲ್ಯಾಬಾಯಿ ಹೋಳ್ಕರ್ ಅವರ 300ನೇ ಜಯಂತಿಗೆ 300 ರೂಪಾಯಿಯ ನಾಣ್ಯ. ಜುಲೈನಲ್ಲಿ ಗಂಗೈಕೊಂಡಚೋಳಪುರದಲ್ಲಿ ರಾಜೇಂದ್ರ ಚೋಳನ ನಾಣ್ಯ. ಆಗಸ್ಟ್‌ನಲ್ಲಿ ಕೃಷಿ ವಿಜ್ಞಾನಿ ಎಂ.ಎಸ್. ಸ್ವಾಮಿನಾಥನ್. ಅಕ್ಟೋಬರ್ 1ರಂದು ರಾಷ್ಟ್ರೀಯ ಸ್ವಯಂಸೇವಕ ಸಂಘದ ಶತಮಾನೋತ್ಸವಕ್ಕೆ 100 ರೂಪಾಯಿಯದು. ನವೆಂಬರ್ ಒಂದೇ ತಿಂಗಳಲ್ಲಿ ಮೂರು: 7ರಂದು ವಂದೇ ಮಾತರಂ ಗೀತೆಯ 150 ವರ್ಷ, 19ರಂದು ಪುಟ್ಟಪರ್ತಿಯಲ್ಲಿ ಸತ್ಯಸಾಯಿ ಬಾಬಾ ಜನ್ಮಶತಾಬ್ದಿ, 25ರಂದು ಕುರುಕ್ಷೇತ್ರದಲ್ಲಿ ಗುರು ತೇಗ್ ಬಹಾದ್ದೂರರ ಬಲಿದಾನದ 350ನೇ ವರ್ಷ. ಸ್ವತಂತ್ರ ಭಾರತದ ಮೊದಲ ಸ್ಮಾರಕ ನಾಣ್ಯ ಬಂದದ್ದು 1964ರಲ್ಲಿ, ನೆಹರೂ ತೀರಿಕೊಂಡ ಮೇಲೆ. ಎರಡನೆಯ ವಿಷಯಕ್ಕೆ ಐದು ವರ್ಷ ಕಾಯಬೇಕಾಯಿತು. ಅದು 1969ರ ಗಾಂಧಿ ಶತಮಾನೋತ್ಸವ. ಈಗ ಹದಿನೈದು ದಿನ ಕಾದರೆ ಸಾಕು.

ಹೆಚ್ಚಾಯಿತು ಎಂಬುದು ಗೊಣಗಾಟವಷ್ಟೆ, ವಿಮರ್ಶೆಯಲ್ಲ. ಈ ನಾಣ್ಯಗಳನ್ನು ಪಕ್ಕಪಕ್ಕ ಇಟ್ಟರೆ ಒಂದಕ್ಕೂ ಇನ್ನೊಂದಕ್ಕೂ ಗುರುತು ಸಿಗುವುದಿಲ್ಲ ಎಂಬುದು ಮಾತ್ರ ಎಣಿಸಬೇಕಾದ ದೂರು. ಅದಕ್ಕೆ ಕಾರಣವನ್ನು ನಾಣ್ಯದ ಮೇಲೆಯೇ ಓದಬಹುದು.

ಭಾರತದಲ್ಲಿ ಸ್ಮಾರಕ ನಾಣ್ಯ ಹುಟ್ಟುವುದು ರಾಜ್ಯಪತ್ರದಲ್ಲಿ. 2011ರ ನಾಣ್ಯ ಕಾಯ್ದೆಯ ಅಡಿಯಲ್ಲಿ ಹಣಕಾಸು ಸಚಿವಾಲಯ ಅಧಿಸೂಚನೆ ಹೊರಡಿಸುತ್ತದೆ. ಒಂದಿಷ್ಟು ಅಧಿಸೂಚನೆಗಳನ್ನು ಓದಿದವರಿಗೆ ಅದರ ಒಕ್ಕಣೆ ಸಂಕಲ್ಪಮಂತ್ರದಂತೆ ಬಾಯಿಪಾಠವಾಗಿಬಿಡುತ್ತದೆ. ಮುಂಬದಿಯ ನಡುವೆ ಅಶೋಕಸ್ತಂಭದ ಸಿಂಹಗಳು, ಕೆಳಗೆ ಸತ್ಯಮೇವ ಜಯತೇ, ಎಡ ಅಂಚಿನಲ್ಲಿ ದೇವನಾಗರಿಯಲ್ಲಿ ಭಾರತ, ಬಲ ಅಂಚಿನಲ್ಲಿ ಇಂಗ್ಲಿಷಿನಲ್ಲಿ ಇಂಡಿಯಾ, ಸಿಂಹದ ಅಡಿಯಲ್ಲಿ ರೂಪಾಯಿ ಚಿಹ್ನೆ ಮತ್ತು ಮುಖಬೆಲೆ. ಅರ್ಧ ನಾಣ್ಯ ಇಲ್ಲಿಗೆ ಮುಗಿಯಿತು. ಹಿಂಬದಿಯ ಮೇಲಂಚು ಹಿಂದಿಗೆ, ಕೆಳ ಅಂಚು ಇಂಗ್ಲಿಷಿಗೆ. ಇಸವಿಗಳಿಗೆ ಒಂದಿಷ್ಟು ಜಾಗ. ಇಷ್ಟೆಲ್ಲ ಹಂಚಿ ಉಳಿದದ್ದು ಕಲಾವಿದನ ಪಾಲು.

ಅರ್ಧ ಭಾಗ ಮೊದಲೇ ನಿಗದಿಯಾಗಿರುವುದನ್ನು ನಾನು ದೋಷ ಎನ್ನುವುದಿಲ್ಲ. ಬ್ರಿಟನ್ನಿನ ನಾಣ್ಯದ ಒಂದು ಮುಖವೂ ದೊರೆಗೇ ಮೀಸಲು. 1950ರಲ್ಲಿ ಗಣರಾಜ್ಯದ ಮೊದಲ ನಾಣ್ಯಗಳನ್ನು ಮಾಡಿದವರಿಗೂ ಇದೇ ಸಿಂಹ, ಇದೇ ಎರಡು ಲಿಪಿ ಇದ್ದವು. ಅವರು ಪೈಸೆಯ ಮೇಲೆ ಓಡುವ ಕುದುರೆ, ಆಣೆಗಳ ಮೇಲೆ ಗೂಳಿ, ರೂಪಾಯಿಯ ಮೇಲೆ ಗೋಧಿಯ ತೆನೆ ಇಟ್ಟರು. ಕುದುರೆ, ಗೂಳಿ ಎರಡೂ ಸಾರನಾಥದ ಸ್ತಂಭದ ಪೀಠದಲ್ಲೇ ಇರುವವು. ಸಿಂಹದ ಕಾಲಬುಡದಿಂದ ಎತ್ತಿಕೊಂಡ ಎರಡು ಪ್ರಾಣಿಗಳಿಂದ ಚಿಲ್ಲರೆಗೆಲ್ಲ ಜೀವ ಬಂದಿತ್ತು. ಕಟ್ಟುಪಾಡಿನೊಳಗೇ ಎಷ್ಟು ಸೊಗಸು ಮಾಡಬಹುದು ಎಂಬುದಕ್ಕೆ ಹೋಟೆಲಿನ ಡಬ್ಬಿಯಲ್ಲಿರುವ ಸವೆದ ಪೈಸೆಯೊಂದೇ ಸಾಕು.

ಹಾಗಾದರೆ ಈಗ ಎಡವಿದ್ದು ಎಲ್ಲಿ? ಚಿತ್ರ ಬರೆಯುವ ಹುಡುಗಿಯ ಉತ್ತರ: ಮೂಗಿನಲ್ಲಿ.

ಅವಳ ವಾದ ಹೀಗೆ. ನಾಣ್ಯದ ಉಬ್ಬಿಗೆ ಸಿಗುವ ಎತ್ತರ ಒಂದು ಮಿಲಿಮೀಟರಿನ ಸಣ್ಣ ಪಾಲು. ಮುಖವನ್ನು ಪಕ್ಕದಿಂದ ತೋರಿಸಿದರೆ ಹಣೆ, ಮೂಗು, ತುಟಿ, ಗಲ್ಲ ಎಲ್ಲವೂ ಒಂದೇ ಗೆರೆಯಲ್ಲಿ ಬರುತ್ತವೆ. ಗೆರೆಗೆ ಎತ್ತರ ಬೇಕಿಲ್ಲ. ಎದುರಿನಿಂದ ತೋರಿಸಿದರೆ ಮೂಗು ಮುಂದಕ್ಕೆ ಬರಬೇಕು, ಕಣ್ಣು ಹಿಂದಕ್ಕೆ ಸರಿಯಬೇಕು, ಆದರೆ ಹೋಗಿಬರಲು ಜಾಗವೇ ಇಲ್ಲ. ಆಗ ಮುಖ ಹಪ್ಪಳವಾಗುತ್ತದೆ. ಜಗತ್ತಿನ ಟಂಕಸಾಲೆಗಳು ಎರಡು ಸಾವಿರ ವರ್ಷ ಪಾರ್ಶ್ವಮುಖಕ್ಕೆ ಅಂಟಿಕೊಂಡದ್ದು ಈ ಲೆಕ್ಕಾಚಾರದಿಂದಲೇ. ಇಂಗ್ಲೆಂಡಿನ ಎಂಟನೆಯ ಹೆನ್ರಿ ಕೊನೆಯ ವರ್ಷಗಳಲ್ಲಿ ಬೆಳ್ಳಿಗೆ ತಾಮ್ರ ಬೆರೆಸಿ ಎದುರುಮುಖದ ನಾಣ್ಯ ಹೊಡೆಸಿದ. ಓಡಾಡಿದ ನಾಣ್ಯದಲ್ಲಿ ಮೊದಲು ಸವೆದದ್ದು ಎಲ್ಲಕ್ಕಿಂತ ಎತ್ತರದಲ್ಲಿದ್ದ ಮೂಗು. ಮೇಲಿನ ಬೆಳ್ಳಿ ಹೋಗಿ ಒಳಗಿನ ಕೆಂಪು ಕಂಡು, ಪ್ರಜೆಗಳು ದೊರೆಗೆ ತಾಮ್ರಮೂಗಿನವನೆಂದು ಅಡ್ಡಹೆಸರಿಟ್ಟರು.

ನಮ್ಮ 1964ರ ನೆಹರೂ, 1969ರ ಗಾಂಧಿ ಇಬ್ಬರೂ ಪಕ್ಕಕ್ಕೆ ತಿರುಗಿದವರು. ಗಾಂಧಿಯ ಬೋಳುತಲೆಯ ಆ ಒಂದು ಗೆರೆ, ಅದರ ಸುತ್ತಲಿನ ಖಾಲಿ ಜಾಗ. ಇಪ್ಪತ್ತು ಪೈಸೆಯ ಹಿತ್ತಾಳೆ ಬಣ್ಣದ ಸಣ್ಣ ಬಿಲ್ಲೆಯಲ್ಲೂ ಅದು ಗಾಂಧಿಯೇ. ಈಚಿನ ನಾಣ್ಯಗಳಲ್ಲಿ ಹಲವು ಫೋಟೋಗಳಂತಿವೆ. ಹಿಂದೆ ತಟ್ಟೆಯಗಲದ ಗಾರೆಯ ಅಚ್ಚನ್ನು ಕೈಯಲ್ಲಿ ಕೆತ್ತಿ, ಯಂತ್ರದಿಂದ ಅದನ್ನು ನಾಣ್ಯದ ಅಳತೆಗೆ ಇಳಿಸುತ್ತಿದ್ದರು. ಇಳಿಸುವಾಗ ಉಳಿಯುವುದು ಯಾವುದು, ಅಳಿಯುವುದು ಯಾವುದು ಎಂದು ಕೆತ್ತುವವನ ಬೆರಳಿಗೆ ಗೊತ್ತಿರುತ್ತಿತ್ತು. ಇಂದು ಛಾಯಾಚಿತ್ರವನ್ನೇ ಉಬ್ಬಾಗಿ ಮಾರ್ಪಡಿಸಿ ಕೊಡುವ ಸಾಫ್ಟ್‌ವೇರ್ ಜಗತ್ತಿನ ಎಲ್ಲೆಡೆ ಇದೆ. ಕೂದಲಿನ ಎಳೆ ಎಳೆಯೂ ಬರುತ್ತದೆ. ಮುಖ ಮಾತ್ರ ಕಾಣೆ.

ಫೋಟೋ ಇಲ್ಲದವರದು ಬೇರೆಯೇ ಪಾಡು. ಅಹಲ್ಯಾಬಾಯಿ, 2023ರಲ್ಲಿ 525 ರೂಪಾಯಿಯ ನಾಣ್ಯ ಪಡೆದ ಮೀರಾಬಾಯಿ, ಬಸವಣ್ಣ, ರಾಜೇಂದ್ರ ಚೋಳ ಇವರ ಮುಖ ಹೇಗಿತ್ತೆಂದು ಕಂಡವರಾರು? ನಮಗೆ ತಿಳಿದಿರುವುದು ಗೋಡೆಯ ಕ್ಯಾಲೆಂಡರಿನ ಮುಖ. ಕ್ಯಾಲೆಂಡರಿನಲ್ಲಿ ಬಣ್ಣ ಮಾಡುವ ಕೆಲಸವನ್ನು ಬೆಳ್ಳಿ ಮಾಡಲಾರದು. ಬಣ್ಣ ಕಳೆದ ಮೇಲೆ ಉಳಿಯುವುದು ಯಾರದೋ ಮುಖ, ಅದರ ಕೆಳಗೊಂದು ಹೆಸರು. ಅಕ್ಷರ ಅಳಿಸಿಬಿಟ್ಟರೆ ಯಾರೆಂದು ಹೇಳಲಾಗದ ನಾಣ್ಯ ಸೋತ ನಾಣ್ಯ, ಇದು ಹುಡುಗಿಯ ತೀರ್ಪು. ನಾನು ಅಷ್ಟು ಕಠಿಣವಾಗಿ ಹೇಳಲಾರೆ. ಆದರೆ ನಾಣ್ಯ ಕೈಗೆ ಬಂದಾಗಲೆಲ್ಲ ಹೆಬ್ಬೆರಳಿನಿಂದ ಹೆಸರು ಮುಚ್ಚಿ ನೋಡುವ ಅಭ್ಯಾಸ ನನಗೂ ಅಂಟಿದೆ.

ಈ ದೃಷ್ಟಿಯಿಂದ ಅಕ್ಟೋಬರಿನ 100 ರೂಪಾಯಿಯ ನಾಣ್ಯ ಬೇರೆ ಜಾತಿಯದು. ಭಾರತದ ನಾಣ್ಯವೊಂದರ ಮೇಲೆ ಭಾರತಮಾತೆಯ ಚಿತ್ರ ಬಂದದ್ದು ಇದೇ ಮೊದಲು ಎಂದು ಬಿಡುಗಡೆಯ ದಿನ ಪ್ರಧಾನಿ ಹೇಳಿದರು. ವರದ ಮುದ್ರೆಯಲ್ಲಿ ನಿಂತ ಭಾರತಮಾತೆ, ಜೊತೆಗೆ ಸಿಂಹ, ಎದುರಿಗೆ ನಮಿಸುವ ಸ್ವಯಂಸೇವಕರು. ಅದು ನಾಣ್ಯದ ಮೇಲೆ ಇರಬೇಕೇ ಬೇಡವೇ ಎಂಬ ರಾಜಕೀಯದ ಜಗಳ ನಮ್ಮ ಮೇಜಿನ ಮೇಲೂ ಆಯಿತು, ಎರಡು ಸುತ್ತು ಕಾಫಿಯಾದರೂ ಮುಗಿಯಲಿಲ್ಲ. ಆ ಜಗಳದ ನಡುವೆ ವಿನ್ಯಾಸದ ಮಾತು ಕಳೆದೇಹೋಯಿತು, ಹಾಗಾಗಿ ಇಲ್ಲಿ ಬರೆಯುತ್ತೇನೆ: ಅದು ಒಂದು ಮುಖವಲ್ಲ, ಒಂದು ದೃಶ್ಯ. ಯಾರು ಎಲ್ಲಿ ನಿಲ್ಲಬೇಕು, ಯಾರು ದೊಡ್ಡದಾಗಿ ಕಾಣಬೇಕು ಎಂದು ಯಾರೋ ಯೋಚಿಸಿದ್ದಾರೆ. ಆದರೆ ಆಕೃತಿಗಳ ಸಂಖ್ಯೆ ಹೆಚ್ಚಿ ಒಂದೊಂದೂ ಕಡ್ಡಿಯಷ್ಟಾಗಿದೆ.

ಮುಖದ ರೋಗ ಹೀಗಾದರೆ ಇನ್ನೊಂದು ಲಾಂಛನದ ರೋಗ. 2022ರ ಜೂನ್‌ನಲ್ಲಿ 1, 2, 5, 10, 20 ರೂಪಾಯಿಯ ನಾಣ್ಯಗಳ ಮೇಲೆ ಸ್ವಾತಂತ್ರ್ಯದ ಅಮೃತ ಮಹೋತ್ಸವದ ಲಾಂಛನ ಬಂತು. ಐದಕ್ಕೂ ಅದೇ ಒಂದು ಲಾಂಛನ. 2023ರಲ್ಲಿ ಜಿ-20ರ ನಾಣ್ಯದ ಮೇಲೆ ಜಿ-20ರ ಲಾಂಛನ. ಮರುವರ್ಷ ಏಪ್ರಿಲ್ 1ರಂದು, ಇಲ್ಲಿ ಮುಂಬಯಿಯಲ್ಲೇ, ರಿಸರ್ವ್ ಬ್ಯಾಂಕಿನ ತೊಂಬತ್ತು ವರ್ಷದ ನೆನಪಿಗೆ ಬಿಡುಗಡೆಯಾದ 90 ರೂಪಾಯಿಯ ನಾಣ್ಯದ ಮೇಲೆ ಬ್ಯಾಂಕಿನ ಲಾಂಛನ. ಲಾಂಛನವನ್ನು ಬರೆದದ್ದು ಕಾಗದದ ತಲೆಗೆ, ಫಲಕಕ್ಕೆ. ಅದಕ್ಕೆ ಎತ್ತರ ತಗ್ಗು ಗೊತ್ತಿಲ್ಲ. ಅದನ್ನು ಲೋಹಕ್ಕೆ ಒತ್ತಿದರೆ ರಬ್ಬರ್ ಮೊಹರಿನಂತೆ ಕಾಣುತ್ತದೆ.

ನಮ್ಮ ಮೇಜಿನ ನಿವೃತ್ತ ಬ್ಯಾಂಕಿನವರು ಇದನ್ನು ಒಪ್ಪುವುದಿಲ್ಲ. ಆ 90 ರೂಪಾಯಿಯ ನಾಣ್ಯ ಅವರ ಹತ್ತಿರ ಇದೆ, ಅದರ ಮೇಲೆ ಅವರಿಗೆ ಮಗುವಿನ ಮೇಲಿನ ಮಮತೆ. ನಲವತ್ತು ಗ್ರಾಂ ಶುದ್ಧ ಬೆಳ್ಳಿ. ಹಳೆಯ ನೂರರ ನಾಣ್ಯಗಳು 35 ಗ್ರಾಂ, ಅದರಲ್ಲಿ ಅರ್ಧ ಮಾತ್ರ ಬೆಳ್ಳಿ. ಉಳಿದದ್ದು ನೂರಕ್ಕೆ ನಲವತ್ತು ತಾಮ್ರ, ಐದು ನಿಕ್ಕಲ್, ಐದು ಸತು. ಹದಿನೇಳೂವರೆ ಗ್ರಾಂ ಎಲ್ಲಿ, ನಲವತ್ತು ಎಲ್ಲಿ ಎನ್ನುತ್ತಾರೆ. ಲಾಂಛನದ ಬಗ್ಗೆ ಅವರಲ್ಲಿ ಇನ್ನೂ ಒಳ್ಳೆಯ ವಾದವಿದೆ: ರಿಸರ್ವ್ ಬ್ಯಾಂಕಿನ ಲಾಂಛನ ಮೂಲತಃ ನಾಣ್ಯದಿಂದಲೇ ಬಂದದ್ದು. ಈಸ್ಟ್ ಇಂಡಿಯಾ ಕಂಪನಿಯ ಎರಡು ಮೊಹರು ಬೆಲೆಯ ಚಿನ್ನದ ನಾಣ್ಯದಲ್ಲಿ ಸಿಂಹ ಮತ್ತು ತಾಳೆಮರ ಇದ್ದವು. 1935ರಲ್ಲಿ ಬ್ಯಾಂಕ್ ಹುಟ್ಟಿದಾಗ, ಭಾರತಕ್ಕೆ ಹೆಚ್ಚು ಸಲ್ಲುವುದು ಹುಲಿ ಎಂದು ಸಿಂಹವನ್ನು ಇಳಿಸಿ ಹುಲಿಯನ್ನು ನಿಲ್ಲಿಸಿದರು. ಮೊದಲ ಕರಡಿನಲ್ಲಿ ಬಂದ ಹುಲಿಯನ್ನು ನೋಡಿ ಆಗಿನ ಡೆಪ್ಯುಟಿ ಗವರ್ನರ್ ಸರ್ ಜೇಮ್ಸ್ ಟೇಲರ್, ಇದು ಯಾವುದೋ ಜಾತಿಯ ನಾಯಿಯಂತಿದೆ, ಜನ ನಗುತ್ತಾರೆ ಎಂದು ತಕರಾರು ತೆಗೆದರು. ಕಲ್ಕತ್ತೆಯ ಬೆಲ್ವೆಡಿಯರ್ ಬಂಗಲೆಯ ಹೆಬ್ಬಾಗಿಲಿನ ಹುಲಿಯ ಫೋಟೋ ತೆಗೆಸಿ, ಹಾಗಿರಬೇಕು ಎಂದು ತೋರಿಸಿದರು.

ಟೇಲರ್ ಅಷ್ಟು ಹೆದರಿದ್ದಕ್ಕೆ ಕಾರಣ ಹುಡುಕಿ ದೂರ ಹೋಗಬೇಕಾಗಿಲ್ಲ. ಇದೇ ದೇಶದಲ್ಲಿ ಕಾಲು ಶತಮಾನದ ಹಿಂದೆ ಆನೆ ಹಂದಿಯಾಗಿತ್ತು. 1911ರಲ್ಲಿ ಐದನೆಯ ಜಾರ್ಜ್ ದೊರೆಯ ಹೊಸ ರೂಪಾಯಿ ಹೊರಬಂತು. ಅಚ್ಚಾದದ್ದು ಕಲ್ಕತ್ತದಲ್ಲಿ ಮತ್ತು ನಮ್ಮ ಮುಂಬಯಿ ಫೋರ್ಟಿನ ಟಂಕಸಾಲೆಯಲ್ಲಿ. ದೊರೆಯ ನಿಲುವಂಗಿಯ ಮೇಲೆ ಪದಕದ ಸರ, ಸರದಲ್ಲಿ ಒಂದು ಪುಟ್ಟ ಆನೆ. ಆ ಆನೆ ಅಕ್ಕಿಕಾಳಿಗಿಂತ ದೊಡ್ಡದಲ್ಲ. ಆದರೆ ಸೊಂಡಿಲು ಗಿಡ್ಡ, ಕಾಲು ಗಿಡ್ಡ. ಬಜಾರಿನಲ್ಲಿ ಯಾರೋ ಅದನ್ನು ಹಂದಿ ಎಂದರು, ಮಾತು ಹಬ್ಬಿತು. ರೂಪಾಯಿಯ ಮೇಲೆ ಹಂದಿಯನ್ನು ಮುಸಲ್ಮಾನರು ಮುಟ್ಟುವುದೆಂತು? ಸರ್ಕಾರ ನಾಣ್ಯವನ್ನು ಹಿಂದಕ್ಕೆ ಪಡೆದು ಕರಗಿಸಿತು, 1912ಕ್ಕೆ ಸೊಂಡಿಲು ಉದ್ದವಾದ ಆನೆ ಬಂತು. ಕರಗದೆ ತಪ್ಪಿಸಿಕೊಂಡ ಹಂದಿ ರೂಪಾಯಿಗೆ ಇಂದು ಸಂಗ್ರಾಹಕರು ಹುಡುಕಾಡುತ್ತಾರೆ. ಅದೇ ನಾಣ್ಯದಲ್ಲಿ ದೊರೆಯ ಎದೆಯ ಕೆಳ ಅಂಚಿನಲ್ಲಿ ಬಿ.ಎಂ. ಎಂಬ ಎರಡು ಅಕ್ಷರಗಳಿವೆ, ಭೂತಗನ್ನಡಿ ಹಿಡಿದರೆ ಕಾಣುತ್ತವೆ. ಬರ್ಟ್ರಂ ಮೆಕೆನಲ್ ಎಂಬ ಶಿಲ್ಪಿಯ ಹೆಸರು. ಬೈಗುಳ ಎಲ್ಲಿಗೆ ತಲುಪಬೇಕೆಂದು ನಾಣ್ಯದ ಮೇಲೆಯೇ ವಿಳಾಸವಿತ್ತು.

ನನಗೆ ಈ ಕತೆಯಲ್ಲಿ ಮುಖ್ಯವೆನಿಸುವುದು ಹಂದಿಯಲ್ಲ, ವೇಗ. ಅಕ್ಕಿಕಾಳಿನಷ್ಟು ದೋಷವನ್ನು ಜನ ಕಂಡುಹಿಡಿದದ್ದು ನಾಣ್ಯ ಅವರ ಕೈಯಲ್ಲಿದ್ದುದರಿಂದ. ತರಕಾರಿಯವಳು, ಕೂಲಿಯವನು, ಮೌಲ್ವಿ, ಮಾರವಾಡಿ ಎಲ್ಲರೂ ಅದರ ವಿಮರ್ಶಕರು. ಇಂದಿನ 300, 350, 525, 550ರ ನಾಣ್ಯಗಳಿಗೆ ಅಂಥ ವಿಮರ್ಶಕರಿಲ್ಲ. ಅವು ಚಲಾವಣೆಗಾಗಿ ಹೊಡೆದವಲ್ಲ. ಕಾಯ್ದೆ ಸಾವಿರ ರೂಪಾಯಿಯವರೆಗೆ ಯಾವ ಮುಖಬೆಲೆಗೂ ಅವಕಾಶ ಕೊಡುವುದರಿಂದ ವಾರ್ಷಿಕೋತ್ಸವದ ಸಂಖ್ಯೆಯೇ ಮುಖಬೆಲೆಯಾಗಿಬಿಟ್ಟಿದೆ. ಸಮಾರಂಭದ ವೇದಿಕೆಯ ಮೇಲೆ ಪೆಟ್ಟಿಗೆ ತೆರೆಯುತ್ತಾರೆ, ಕ್ಯಾಮೆರಾ ಮಿಂಚುತ್ತದೆ, ಆಮೇಲೆ ಮುಖಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚಿನ ಬೆಲೆಗೆ ಬುಕ್ ಮಾಡಿದವರ ಮನೆಗೆ ಪ್ಲಾಸ್ಟಿಕ್ ಕವಚದೊಳಗೆ ಬರುತ್ತದೆ. ಬೆರಳು ತಾಗಿದರೆ ಬೆಲೆ ಇಳಿಯುತ್ತದೆ ಎಂದು ಕವಚ ಬಿಚ್ಚುವಂತಿಲ್ಲ. ನಾನೊಮ್ಮೆ ಬಿಚ್ಚಿದ್ದೆ. 2023ರ ಮೇ 28ರಂದು ಹೊಸ ಸಂಸತ್ ಭವನದ ಉದ್ಘಾಟನೆಗೆ ಬಂದ 75 ರೂಪಾಯಿಯ ನಾಣ್ಯ, 44 ಮಿಲಿಮೀಟರ್ ಅಗಲ, ಅಂಚಿನಲ್ಲಿ ಇನ್ನೂರು ಹಲ್ಲು. ಅಂಗೈ ಮೇಲೆ ಇಟ್ಟರೆ ಹೋಟೆಲಿನ ಚಟ್ನಿ ಬಟ್ಟಲಿನ ತಳದಷ್ಟಾಯಿತು. ತ್ರಿಕೋನದ ಕಟ್ಟಡ ಎಲ್ಲಿ ಮುಗಿದು ಎಲ್ಲಿ ವೃತ್ತಾಕಾರದ ಹಳೆಯ ಭವನ ಶುರುವಾಗುತ್ತದೆ ಎಂದು ಬೆರಳಾಡಿಸಿ ತಿಳಿಯಲು ನೋಡಿದೆ. ಕಣ್ಣಿಗೆ ಕಂಡ ಕಿಟಕಿ ಕಂಬಗಳಲ್ಲಿ ಒಂದೂ ಬೆರಳಿಗೆ ಸಿಗಲಿಲ್ಲ. ಬೆರಳಚ್ಚು ಮಾತ್ರ ನಾಣ್ಯಕ್ಕೆ ಸಿಕ್ಕಿತು. ಬ್ಯಾಂಕಿನವರು ಆ ವಾರ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.

ಅವರ ವಾದಕ್ಕೂ ಮರ್ಯಾದೆ ಸಲ್ಲಬೇಕು. "ಇವು ನಾಣ್ಯದ ಹೆಸರಿನ ಪದಕಗಳು ಮಾರಾಯರೇ, ಪದಕ ಎಂದೇ ನೋಡಿ" ಎನ್ನುತ್ತಾರೆ. ಕೊಳ್ಳುವವರು ಕೊಳ್ಳಲಿ, ಖಜಾನೆಗೂ ನಷ್ಟವಿಲ್ಲ. ಚಲಾವಣೆಯ ನಾಣ್ಯದಲ್ಲಿ ಹತ್ತು ಬಗೆಯ ವಿನ್ಯಾಸ ಮಾಡಿದರೆ ಏನಾಗುತ್ತದೆ ಎಂಬುದನ್ನು ಅವರು ಕೌಂಟರಿನ ಆಚೆ ಕುಳಿತು ಕಂಡವರು. ಹತ್ತು ರೂಪಾಯಿಯ ನಾಣ್ಯದಲ್ಲಿ ಯಾವುದು ಅಸಲಿ, ಯಾವುದು ನಕಲಿ ಎಂಬ ಗಾಳಿಮಾತು ಎದ್ದು ಅಂಗಡಿಯವರೂ ರಿಕ್ಷಾದವರೂ ತೆಗೆದುಕೊಳ್ಳುವುದನ್ನೇ ನಿಲ್ಲಿಸಿದ್ದರು. ಕೊನೆಗೆ 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್, ಹದಿನಾಲ್ಕು ವಿನ್ಯಾಸಗಳಿವೆ, ಹದಿನಾಲ್ಕೂ ಸಲ್ಲುತ್ತವೆ ಎಂದು ಪ್ರಕಟಣೆ ಕೊಡಬೇಕಾಯಿತು. ಅದಕ್ಕೂ ಮುಂಚೆ ಉಕ್ಕಿನ ಎರಡು ರೂಪಾಯಿಯ ರಾದ್ಧಾಂತ: ಅನೇಕತೆಯಲ್ಲಿ ಏಕತೆ ಎಂದು ನಾಲ್ಕು ತಲೆಗೆ ಒಂದೇ ಒಡಲಿನ ಚಿಹ್ನೆ ಬಂದಾಗ ಕೆಲವರಿಗೆ ಅದು ಶಿಲುಬೆಯಾಗಿ ಕಂಡಿತು, ಕಣ್ಣು ಕಾಣದವರಿಗೆ ಒಂದು ರೂಪಾಯಿಯೊಡನೆ ಗೊಂದಲವಾಯಿತು. 2007ರಲ್ಲಿ ಅದರ ಜಾಗಕ್ಕೆ ಎರಡು ಬೆರಳೆತ್ತಿದ ಹಸ್ತಮುದ್ರೆ ಬಂತು. ಜನರ ಕೈಗೆ ಕೊಟ್ಟರೆ ತಲೆನೋವು, ಪೆಟ್ಟಿಗೆಯಲ್ಲಿ ಇಟ್ಟರೆ ನೆಮ್ಮದಿ.

ನೆಮ್ಮದಿ ಯಾರಿಗೆ ಎಂಬುದು ನನ್ನ ಪ್ರಶ್ನೆ. ಆ ತಲೆನೋವಿನಿಂದಲೇ ಒಂದು ರೂಪಾಯಿಗೆ ಒಂದು ಬೆರಳು, ಎರಡಕ್ಕೆ ಎರಡು ಬೆರಳು ಎಂಬ ಬುದ್ಧಿವಂತಿಕೆ ಹುಟ್ಟಿತು. ಅಕ್ಷರ ಬಾರದವನಿಗೂ ಅರ್ಥವಾಗುವಂಥದು. ಅದೇ ತಲೆನೋವಿನ ಮುಂದುವರಿಕೆಯಾಗಿ 2019ರಲ್ಲಿ ಹನ್ನೆರಡು ಮೂಲೆಯ 20 ರೂಪಾಯಿ ಬಂತು. ಜೇಬಿನೊಳಗೆ ಕೈಹಾಕಿದರೆ ಸಾಕು, ಬೆರಳೇ ಲೆಕ್ಕ ಹೇಳುತ್ತದೆ. ಚಲಾವಣೆಯ ನಾಣ್ಯ ಇಪ್ಪತ್ತು ವರ್ಷದಲ್ಲಿ ಇಷ್ಟು ಕಲಿತಿದೆ. ಪೆಟ್ಟಿಗೆಯ ನಾಣ್ಯಕ್ಕೆ ತಪ್ಪು ಎಂದು ಹೇಳುವವರೇ ಇಲ್ಲವಾದ್ದರಿಂದ ಅದು ಏನನ್ನೂ ಕಲಿತಿಲ್ಲ. ಅದು ಬದುಕಬೇಕಾದದ್ದು ಬಿಡುಗಡೆಯ ದಿನದ ಒಂದು ಫೋಟೋದಲ್ಲಿ. ಫೋಟೋದಲ್ಲಿ ಚೆನ್ನಾಗಿ ಕಾಣಲು ಫೋಟೋವೇ ಸಾಕಲ್ಲ?

ಮಾಸ್ತರರ ತಕರಾರು ಬೇರೆ, ಅದು ಲಿಪಿಯದು. ಮುಂಬಯಿಯಲ್ಲಿ ಐವತ್ತು ವರ್ಷ ಕನ್ನಡ ಕಲಿಸಿದವರಿಗೆ ಅಕ್ಷರ ಎಲ್ಲಿದೆ, ಎಲ್ಲಿಲ್ಲ ಎಂಬುದು ಮೊದಲು ಕಾಣುತ್ತದೆ. 2006ರ ಬಸವಣ್ಣನ ಐದು ರೂಪಾಯಿ ಅವರ ಜೇಬಿನಲ್ಲೇ ಇರುತ್ತದೆ. ಮಹಾತ್ಮ ಬಸವೇಶ್ವರ ಎಂದು ಹಿಂದಿಯಲ್ಲಿದೆ, ಇಂಗ್ಲಿಷಿನಲ್ಲಿದೆ. ವಚನವನ್ನು ಕನ್ನಡದಲ್ಲಿ ನುಡಿದವರ ನಾಣ್ಯದಲ್ಲಿ ಕನ್ನಡದ ಒಂದು ಅಕ್ಷರವಿಲ್ಲ. ನಿಯಮವೇ ಹಾಗಿದೆ ಎಂದು ಯಾರಾದರೂ ಹೇಳಿದರೆ ಅವರು ತಮಿಳುನಾಡಿನತ್ತ ಬೆರಳು ತೋರಿಸುತ್ತಾರೆ. 2009ರ ಅಣ್ಣಾದುರೈ ನಾಣ್ಯದಲ್ಲಿ ಅಣ್ಣಾ ಅವರ ತಮಿಳು ಸಹಿ ಇದೆ. 2024ರ ಆಗಸ್ಟ್‌ನಲ್ಲಿ ಬಂದ ಕರುಣಾನಿಧಿಯವರ 100 ರೂಪಾಯಿಯಲ್ಲಿ ತಮಿಳು ಗೆಲ್ಲುತ್ತದೆ ಎಂಬ ಅವರ ಘೋಷಣೆ ತಮಿಳು ಲಿಪಿಯಲ್ಲೇ ಇದೆ. ಹಿಂದಿ ಯಾಕಿದೆ ಎಂದು ಅಲ್ಲಿ ಜಗಳವಾಯಿತು, ನಮ್ಮಲ್ಲಿ ಕನ್ನಡ ಯಾಕಿಲ್ಲ ಎಂದು ಕೇಳಿದವರೇ ವಿರಳ. ಅಂಚಿನ ಬರಹಕ್ಕೆ ಎರಡೇ ಲಿಪಿ ಎಂಬ ಪದ್ಧತಿ ಇರಬಹುದು. ಸಹಿಯೋ ಘೋಷಣೆಯೋ ಚಿತ್ರದ ಭಾಗವಾಗಿ ಒಳಗೆ ಬರಲು ದಾರಿ ಇದೆ ಎಂದಾಯಿತು. ಬಸವಣ್ಣನ ಸಹಿ ಸಿಗದಿರಬಹುದು. ಅಂಕಿತವಿದೆಯಲ್ಲ? ಕೂಡಲಸಂಗಮದೇವ.

ಕನ್ನಡಕ್ಕೂ ನಾಣ್ಯಕ್ಕೂ ಇರುವ ನಂಟು ಹಳೆಯದು. 1116ರ ಸುಮಾರಿಗೆ ಹೊಯ್ಸಳ ವಿಷ್ಣುವರ್ಧನ ಚೋಳರಿಂದ ತಲಕಾಡನ್ನು ಗೆದ್ದ. ಅವನ ಚಿನ್ನದ ನಾಣ್ಯದ ಒಂದು ಬದಿ ಸಿಂಹ, ಇನ್ನೊಂದು ಬದಿ ಮೂರು ಸಾಲಿನ ಕನ್ನಡ: ಶ್ರೀ ತಳಕಾಡುಗೊಂಡ. ಮತ್ತೊಂದರಲ್ಲಿ ಶ್ರೀ ನೊಣಂಬವಾಡಿಗೊಂಡ. ಗೆದ್ದ ಊರಿನ ಹೆಸರನ್ನೇ ಬಿರುದಾಗಿಸಿ ಚಲಾವಣೆಗೆ ಬಿಟ್ಟ ಈ ನಾಣ್ಯಕ್ಕಿಂತ ಸ್ಮಾರಕ ನಾಣ್ಯ ಬೇರೆ ಏನು? ಹೆಬ್ಬೆರಳಿನ ಉಗುರಿನಷ್ಟು ಅಗಲ, ಮುಖವಿಲ್ಲ, ಕಟ್ಟಡವಿಲ್ಲ, ಇಸವಿಯಿಲ್ಲ. ಅಕ್ಷರಗಳನ್ನೇ ಚಿತ್ರದಂತೆ ದಪ್ಪಗೆ, ಗುಂಡಗೆ ಕಂಡರಿಸಿ ಕೂರಿಸಿದ್ದಾರೆ. ಹುಡುಗಿ ಅದರ ಚಿತ್ರವನ್ನು ತನ್ನ ಮೊಬೈಲಿನ ಪರದೆಯ ಮೇಲೆ ಇಟ್ಟುಕೊಂಡಿದ್ದಾಳೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸಿನಲ್ಲೂ ಕನ್ನಡವಿತ್ತು, ಪಕ್ಕದಲ್ಲೇ ಇಂಗ್ಲಿಷಿತ್ತು, ಎರಡಕ್ಕೂ ಜಾಗ ಸಾಕಾಗಿತ್ತು.

ಇನ್ನು ಹೆಸರಿನ ವಿಷಯ. ಮೆಕೆನಲ್ ಬೈಸಿಕೊಂಡರೂ ಸಹಿ ಹಾಕಿದ್ದ. ಅವನಿಗಿಂತ ಮುಂಚೆ 1840ರ ವಿಕ್ಟೋರಿಯಾ ರೂಪಾಯಿಯಲ್ಲಿ ವಿಲಿಯಂ ವಯನ್‌ನ ಎರಡು ಡಬ್ಲ್ಯುಗಳಿವೆ. ನನ್ನ ಸಂಗ್ರಹದಲ್ಲಿರುವ ಗಣರಾಜ್ಯದ ಸ್ಮಾರಕ ನಾಣ್ಯಗಳಲ್ಲಿ ಒಂದರಲ್ಲೂ ಅಂಥ ಅಕ್ಷರ ಕಂಡಿಲ್ಲ. ಮುಂಬಯಿಯಲ್ಲಿ ಅಚ್ಚಾದದ್ದಕ್ಕೆ ವಜ್ರಾಕೃತಿಯ ಗುರುತು, ಹೈದರಾಬಾದಿಗೆ ನಕ್ಷತ್ರ, ನೋಯ್ಡಾಕ್ಕೆ ಚುಕ್ಕೆ, ಕೋಲ್ಕತ್ತಕ್ಕೆ ಏನೂ ಇಲ್ಲ. ಕಾರ್ಖಾನೆಗೆ ಗುರುತಿದೆ, ಕಲಾವಿದನಿಗಿಲ್ಲ. ಹೆಸರಿಲ್ಲದ ಕಡೆ ಹೊಣೆಯೂ ಇರುವುದಿಲ್ಲ, ಹೆಮ್ಮೆಯೂ ಇರುವುದಿಲ್ಲ. ಬ್ರಿಟನ್ನಿನಲ್ಲಿ ನಾಣ್ಯದ ವಿನ್ಯಾಸ ಪರಿಶೀಲಿಸುವ ಸಲಹಾ ಸಮಿತಿ 1922ರಿಂದ ಇದೆ. ಅಮೆರಿಕದಲ್ಲಿ 2003ರಿಂದ ಕಾನೂನಿನ ಪ್ರಕಾರವೇ ಹನ್ನೊಂದು ಮಂದಿಯ ನಾಗರಿಕ ಸಮಿತಿಯಿದೆ. ಅದರಲ್ಲಿ ಸಾಮಾನ್ಯ ಜನರ ಪ್ರತಿನಿಧಿಗಳೂ ಇರುತ್ತಾರೆ, ನಾಣ್ಯ ಅಚ್ಚಾಗುವ ಮೊದಲೇ ಕರಡುಗಳ ಮೇಲೆ ಬಹಿರಂಗವಾಗಿ ಚರ್ಚೆ ನಡೆಯುತ್ತದೆ. ಸಮಿತಿ ಇದ್ದ ಮಾತ್ರಕ್ಕೆ ಎಲ್ಲವೂ ಸುಂದರವಾಗುವುದಿಲ್ಲ, ಅಮೆರಿಕದ ಎಷ್ಟೋ ನಾಣ್ಯಗಳು ನೋಡಲು ಬೇಸರ ಹುಟ್ಟಿಸುತ್ತವೆ. ಆದರೆ ಮೂಗು ಹಪ್ಪಳವಾಗಿದೆ ಎಂದು ಹೇಳಲು ಅಲ್ಲಿ ಒಂದು ಕುರ್ಚಿ ಇದೆ.

ನಮಗೆ ಅದು ಆಗದ ಕೆಲಸವೂ ಅಲ್ಲ. ಈಚಿನ ಸ್ಮಾರಕ ನಾಣ್ಯಗಳ ಸಿಂಹದ ಕೆಳಗೆ ಕೂತಿರುವ ರೂಪಾಯಿ ಚಿಹ್ನೆ ಬಂದದ್ದು ಬಹಿರಂಗ ಸ್ಪರ್ಧೆಯಿಂದ. ಡಿ. ಉದಯ ಕುಮಾರ್ ಇಲ್ಲಿಯ ಪವಾಯಿಯ ಐಐಟಿಯಲ್ಲಿ ವಿನ್ಯಾಸ ಓದಿದವರು, 2010ರ ಜುಲೈ 15ರಂದು ಸಚಿವ ಸಂಪುಟ ಅವರ ಚಿಹ್ನೆಯನ್ನು ಒಪ್ಪಿತು. ಅಂದು ಅದನ್ನು ಹಳಿದವರು ನಮ್ಮ ಮೇಜಿನಲ್ಲೂ ಇದ್ದರು. ಇಂದು ತರಕಾರಿಯ ತಳ್ಳುಗಾಡಿಯ ರಟ್ಟಿನ ಮೇಲೂ ಅದನ್ನೇ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಯಾರದು ಎಂದು ಗೊತ್ತಿತ್ತು, ಯಾಕೆ ಹಾಗೆ ಎಂದು ಅವರೇ ವಿವರಿಸಿದ್ದರು, ಬೈಯಲೂ ಹೊಗಳಲೂ ಹೆಸರಿತ್ತು.

ಸಂಗ್ರಾಹಕರ ಬೇಡಿಕೆಯಲ್ಲಿ ನನಗೆ ಅತಿ ಸರಳವಾಗಿ, ಅತಿ ಸರಿಯಾಗಿ ಕಂಡದ್ದು ಅಣ್ಣನದು. ಬೆಳ್ಳಿಯ ದೊಡ್ಡ ಬಿಲ್ಲೆ ಬೇಕಾದವರಿಗೆ ಇರಲಿ, ಅದರ ಜೊತೆಗೆ ಅದೇ ವಿಷಯದ ಐದರದೋ ಹತ್ತರದೋ ನಾಣ್ಯವನ್ನು ಮೊದಲಿನಂತೆ ಚಲಾವಣೆಗೂ ಬಿಡಲಿ. ಹಾಗೆ ಬಿಟ್ಟರೆ ವಿನ್ಯಾಸ ತಾನಾಗಿ ಬಿಗಿಯಾಗುತ್ತದೆ ಎಂದು ನಾನು ಸೇರಿಸುತ್ತೇನೆ. ಇಪ್ಪತ್ತಮೂರು ಮಿಲಿಮೀಟರಿನಲ್ಲಿ ಹತ್ತು ಸ್ವಯಂಸೇವಕರು, ಎರಡು ಕಟ್ಟಡ, ಮೂರು ಸಾಲು ಬರಹ ಹಿಡಿಸುವುದಿಲ್ಲ. ಏನಾದರೂ ಒಂದನ್ನು ಆರಿಸಲೇಬೇಕಾಗುತ್ತದೆ.

ಆ ಭಾನುವಾರ ಹೊರಡುವ ಮುಂಚೆ ಅಣ್ಣ ಡಬ್ಬಿಯಿಂದ ಒಂದು ನಾಣ್ಯ ತೆಗೆದು ಮೇಜಿಗೆ ಕಳಿಸಿದರು. 1999ರ ಎರಡು ರೂಪಾಯಿ, ಹನ್ನೊಂದು ಮೂಲೆ, ಶಿವಾಜಿ ಮಹಾರಾಜರು. ಮೂಲೆಗಳೆಲ್ಲ ಸವೆದು ಹೆಚ್ಚುಕಡಿಮೆ ದುಂಡಗಾಗಿತ್ತು. ಹೆಸರಿನ ಅಕ್ಷರಗಳಲ್ಲಿ ಅರ್ಧ ಅಳಿಸಿದ್ದವು, ಸಿಂಹಗಳು ಮಸುಕಾಗಿದ್ದವು. ಹುಡುಗಿ ಉಳಿದ ಅರ್ಧವನ್ನೂ ಹೆಬ್ಬೆರಳಿನಿಂದ ಮುಚ್ಚಿ, ಮೇಜು ಒರೆಸಲು ಬಂದ ಹುಡುಗನಿಗೆ ತೋರಿಸಿ ಯಾರಿದು ಎಂದು ಕೇಳಿದಳು. ಬೈಂದೂರಿನ ಕಡೆಯಿಂದ ಬಂದು ನಾಲ್ಕು ತಿಂಗಳಾಗಿರುವ ಹುಡುಗ. ಪೇಟವನ್ನೂ ಗಡ್ಡವನ್ನೂ ಒಂದು ಕ್ಷಣ ನೋಡಿ, "ಶಿವಾಜಿ ಅಲ್ಲವಾ ಅಕ್ಕ?" ಎಂದು ಬಟ್ಟೆ ಹಿಂಡಿಕೊಂಡು ಮುಂದಿನ ಮೇಜಿಗೆ ಹೋದ.

ಅಣ್ಣ ನಾಣ್ಯವನ್ನು ಹಿಂದಕ್ಕೆ ಪಡೆದು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದರು. ಅಷ್ಟರಲ್ಲಿ ಬಿಲ್ಲು ಹಿಡಿದು ಬಂದ ಗಿರಾಕಿಯೊಬ್ಬರು ಗಲ್ಲಾದ ಮುಂದಿನ ಫಲಕಕ್ಕೆ ಮೊಬೈಲ್ ಹಿಡಿದರು. ಪಕ್ಕದ ಪೆಟ್ಟಿಗೆ ನೂರ ನಲವತ್ತು ರೂಪಾಯಿ ಬಂತೆಂದು ಹಿಂದಿಯಲ್ಲಿ ಕೂಗಿತು.